ಮೂಗು ಮೇಸ್ತ್ರಿಗೆ ವಾಸನೆ ಹೋದದ್ದು

ಹಳೆಯ ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ, ಟೈಲ್ಸ್ ಅಂಗಡಿಗೂ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತ ಗ್ಯಾರೇಜು ಅದು. ಒಳಗೆ ಒಂದು ಕಾರು ನಿಂತರೆ ಪಕ್ಕದಲ್ಲಿ ಓಡಾಡಲು ಮೈ ಓರೆ ಮಾಡಬೇಕು. ಮುಂದೆ ಒಂದಿಷ್ಟು ಸಿಮೆಂಟಿನ ಅಂಗಳ. ಅಂಗಳದ ಮೂಲೆಯಿಂದ ಕಬ್ಬಿಣದ ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು; ಅದರ ತುದಿಯಲ್ಲೇ ಮೇಸ್ತ್ರಿಯ ಮನೆ.

ಅವನನ್ನು ಎಲ್ಲರೂ ಮೂಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂಗು ದೊಡ್ಡದಿತ್ತೆಂದಲ್ಲ, ನೋಡಲು ಸಾಧಾರಣ ಮೂಗು, ತುದಿ ಸ್ವಲ್ಪ ಚಪ್ಪಟೆ. ಆದರೆ ಆ ಮೂಗು ಮಾಡುತ್ತಿದ್ದ ಕೆಲಸ ಸಾಧಾರಣದ್ದಾಗಿರಲಿಲ್ಲ. ಗಾಡಿ ಅಂಗಳಕ್ಕೆ ಬಂದು ನಿಂತರೆ ಅವನು ಮೊದಲು ಏನನ್ನೂ ಕೇಳುತ್ತಿರಲಿಲ್ಲ. ಬಾನೆಟ್ ಎತ್ತಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುವನು. "ರೇಡಿಯೇಟರ್ ನೀರು ಎಲ್ಲೋ ಜಿನುಗ್ತಿದೆ, ಸಿಹಿ ವಾಸನೆ ಬರ್ತಿದೆ" ಎನ್ನುವನು. "ಕ್ಲಚ್ ಸುಟ್ಟಿದೀರ. ಯಾವ ಗುಡ್ಡ ಹತ್ತಿಸಿದ್ರಿ?" ಎನ್ನುವನು. ಒಮ್ಮೆ ಒಬ್ಬ ಟ್ಯಾಕ್ಸಿಯವನ ಗಾಡಿಯೊಳಗೆ ತಲೆ ಹಾಕಿ, "ಎಂಜಿನ್ ಗಟ್ಟಿಮುಟ್ಟಾಗಿದೆ. ಹಿಂದಿನ ಸೀಟಿನ ಕೆಳಗೆ ಇಲಿ ಸತ್ತಿದೆ" ಎಂದು ಹೇಳಿ, ನಿಜಕ್ಕೂ ಇಲಿಯನ್ನು ಬಾಲ ಹಿಡಿದು ಹೊರಗೆ ತೆಗೆದಿದ್ದ. ಟ್ಯಾಕ್ಸಿಯವನು ಆ ಕಥೆಯನ್ನು ಸ್ಟ್ಯಾಂಡಿನಲ್ಲೆಲ್ಲ ಹಬ್ಬಿಸಿದ. ಹೇಳಿ ಹೇಳಿ ಇಲಿ ಹೆಗ್ಗಣವಾಯಿತು. ಮೇಸ್ತ್ರಿ ಜಂಬ ಕೊಚ್ಚುವವನಲ್ಲ. ಆದರೆ ಯಾರಾದರೂ ಹೆಗ್ಗಣ ಅಂದಾಗ ತಿದ್ದುತ್ತಲೂ ಇರಲಿಲ್ಲ.

ಮನೆಯಲ್ಲಿದ್ದವರು ಅವನ ಹೆಂಡತಿ ಮತ್ತು ಹೆಂಡತಿಯ ತಾಯಿ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಅತ್ತೆ ಬಹುಕಾಲ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆ ನೋಡಿಕೊಂಡಿದ್ದವರು. ಗಂಡ ತೀರಿಕೊಂಡ ಮೇಲೆ ಕೆಲ ಕಾಲ ಮಗನ ಮನೆಯಲ್ಲಿದ್ದು ಆಮೇಲೆ ಮಗಳ ಮನೆಗೆ ಬಂದಿದ್ದರು. ಹಾಲು ಒಡೆಯುವ ಮೊದಲೇ ಅದು ಒಡೆಯುತ್ತದೆಂದು ಹೇಳಬಲ್ಲ ಹೆಂಗಸು. ಅವರಿಗೆ ಈ ಲೋಕದಲ್ಲಿ ಸಹಿಸಲಾಗದ್ದು ಒಂದೇ ಒಂದು, ಪೆಟ್ರೋಲ್ ವಾಸನೆ. ಮಗಳು ಈ ಮೆಕ್ಯಾನಿಕ್‌ನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಾಗ ಅವರು, "ಹುಡುಗ ಒಳ್ಳೆಯವನೇ ಕಣೆ. ಆದ್ರೆ ಬಾಳೆಲ್ಲ ಪೆಟ್ರೋಲ್ ಬಂಕಿನಲ್ಲಿ ಮಲಗಿದ ಹಾಗಿರುತ್ತೆ, ಯೋಚ್ನೆ ಮಾಡು" ಎಂದಿದ್ದರು. ಆ ಮಾತು ಯಾರ ಬಾಯಿಂದಲೋ ಹೊರಟು ಸುತ್ತಿ ಬಳಸಿ ಮೇಸ್ತ್ರಿಯ ಕಿವಿಗೂ ಬಿದ್ದಿತ್ತು. ಅವನು ಅದನ್ನು ಮರೆಯಲಿಲ್ಲ.

ಹಾಗಾಗಿ ಒಂದೇ ಸೂರಿನ ಕೆಳಗೆ ಇದ್ದರೂ ಅತ್ತೆ ಅಳಿಯ ನೇರವಾಗಿ ಮಾತಾಡಿದ್ದು ಕಡಿಮೆ. ಜಗಳವೇನೂ ಇಲ್ಲ, ಮರ್ಯಾದೆಗೆ ಕೊರತೆಯೇ ಇರಲಿಲ್ಲ, ಅದೇ ಹೆಚ್ಚಾಗಿತ್ತು. ಮೇಸ್ತ್ರಿ ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದರೂ ಅತ್ತೆ ಮಗಳಿಗೆ, "ಅಳಿಯಂದ್ರಿಗೆ ಇನ್ನೊಂದ್ಸಲ ಕಾಫಿ ಬೇಕೇನೋ ಕೇಳು" ಎನ್ನುವರು. ಅವನೇ ಏನಾದರೂ ಕೇಳಿದರೆ ಎಷ್ಟೋ ಸಲ ಉತ್ತರವೇ ಬರುತ್ತಿರಲಿಲ್ಲ, ಮುಖ ಆ ಕಡೆ ಇರುತ್ತಿತ್ತು. ಆಸ್ಪತ್ರೆಯಲ್ಲಿ ಅಧಿಕಾರ ನಡೆಸಿದ ಹೆಂಗಸು, ಅಹಂಕಾರ ಎಂದು ಅವನು ತೀರ್ಮಾನಿಸಿದ್ದ.

ಆ ವರ್ಷ ಊರಲ್ಲೆಲ್ಲ ಕೆಟ್ಟ ಜ್ವರ ಬಂತು. ಮೇಸ್ತ್ರಿಯನ್ನೂ ಹಿಡಿದು ಹಾಸಿಗೆಗೆ ಕೆಡವಿತು. ಜ್ವರ ಇಳಿಯಿತು, ನೆಗಡಿ ಇಳಿಯಿತು, ಕೆಲಸಕ್ಕೂ ಇಳಿದ. ಏನೋ ಒಂದು ಕಡಿಮೆಯಾಗಿದೆ ಎಂದು ಅನ್ನಿಸಿದರೂ ಏನೆಂದು ಹೊಳೆಯಲಿಲ್ಲ. ಒಂದು ದಿನ ಒಲೆಯ ಮೇಲಿನ ಈರುಳ್ಳಿ ಕರಟಿ ಹೊಗೆ ಎದ್ದಾಗ ಹೆಂಡತಿ ಓಡಿ ಬಂದು, "ರೀ, ಇಲ್ಲೇ ಕೂತಿದೀರಲ್ಲ, ಸೀದು ಹೋಗಿದ್ದು ಗೊತ್ತಾಗ್ಲಿಲ್ವಾ?" ಎಂದಳು.

"ಪೇಪರ್ ಓದ್ತಿದ್ದೆ" ಎಂದ.

ಹಾಗೆಂದವನೇ ಮೆಟ್ಟಿಲಿಳಿದು ಗ್ಯಾರೇಜಿಗೆ ಹೋಗಿ ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದುಕೊಂಡ. ಏನೂ ಇಲ್ಲ. ನೀರಿನ ಕೊಡದ ಬಾಯಿಗೆ ಮುಖ ಒಡ್ಡಿದ ಹಾಗೆ. ಗ್ರೀಸ್ ಡಬ್ಬಿ, ಬ್ಯಾಟರಿ ಆಸಿಡ್, ಥಿನ್ನರ್, ಒಂದಾದ ಮೇಲೊಂದು ಎತ್ತಿ ನೋಡಿದ. ಯಾವುದೂ ಮಾತಾಡಲಿಲ್ಲ. ಟೈರಿನ ಮೇಲೆ ಕುಸಿದು ಕೂತ.

ತಮ್ಮ ಕಡೆಯವರು ಯಾರೂ ಹೋಗದ ಒಂದು ಬಡಾವಣೆಯಲ್ಲಿ ಮೂಗಿನ ಡಾಕ್ಟರನ್ನು ಹುಡುಕಿ ಹೋದ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಜ್ವರದಿಂದ ವಾಸನೆಯ ನರಕ್ಕೆ ಪೆಟ್ಟಾಗಿದೆ. ಬರಬಹುದು, ಬರದೇನೂ ಇರಬಹುದು, ಕಾಯಬೇಕು" ಎಂದರು. ಮೇಸ್ತ್ರಿ ಕಾಯತೊಡಗಿದ. ಯಾರಿಗೂ ಹೇಳಲಿಲ್ಲ. ಮೂಗು ಮೇಸ್ತ್ರಿಗೆ ಮೂಗೇ ಹೋಯಿತಂತೆ ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ಬಾಯಿ ಚಪ್ಪರಿಸುವುದನ್ನು ನೆನೆದರೇ ಅವನಿಗೆ ಊಟ ಇಳಿಯುತ್ತಿರಲಿಲ್ಲ. ರುಚಿ ಇಲ್ಲದೆ ಊಟ ಇಳಿಯುವುದೂ ಅಷ್ಟಕ್ಕಷ್ಟೇ ಆಗಿತ್ತೆನ್ನಿ.

ಗ್ಯಾರೇಜಿನಲ್ಲಿ ಹೊಸ ಉಪಾಯ ಹೂಡಿದ. ಗಾಡಿ ಬಂದರೆ ಅದೇ ಗತ್ತಿನಲ್ಲಿ ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, "ಮೊದಲು ನೀವು ಹೇಳಿ, ನಿಮಗೆ ಎಂಥಾ ವಾಸನೆ ಬರ್ತಿದೆ?" ಎಂದು ಕೇಳುವನು. ಅವರು ತಡವರಿಸಿ, "ಏನೋ ರಬ್ಬರ್ ಸುಟ್ಟ ಹಾಗೆ..." ಎಂದರೆ, "ಅದೇ, ಅದೇ. ಪರವಾಗಿಲ್ಲ, ಕಲೀತಿದೀರ" ಎಂದು ತಲೆದೂಗುವನು. ಗಿರಾಕಿಗಳಿಗೆ ಖುಷಿಯೋ ಖುಷಿ.

ಈ ಆಟ ನಡೆಯದೆ ಹೋದದ್ದು ನರ್ಸಮ್ಮನ ಕಾರಿನಲ್ಲಿ.

ನರ್ಸಮ್ಮ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಡ್ರೆಸಿಂಗ್ ಮಾಡುವ, ಇಂಜೆಕ್ಷನ್ ಕೊಡುವ, ಬೇಕಾದರೆ ಆಸ್ಪತ್ರೆಗೂ ಕರೆದುಕೊಂಡು ಹೋಗುವ ಹೆಂಗಸು. ಹಳೆಯ ಬಿಳಿ ಕಾರು. ಬಣ್ಣ ಹೋದ ಕಡೆಯೆಲ್ಲ ಬ್ಯಾಂಡೇಜ್ ಪಟ್ಟಿಯಂತೆ ಬಿಳಿ ಟೇಪು. ಅದನ್ನು ಮಾರಿ ಹೊಸದು ತಗೊಳ್ಳಿ ಎಂದವರಿಗೆ ಅವರು, "ನನ್ನ ಪೇಶೆಂಟುಗಳನ್ನೂ ಹಾಗೇ ಬದಲಾಯಿಸ್ಲಾ?" ಎನ್ನುತ್ತಿದ್ದರು.

"ಮೇಸ್ತ್ರಿ, ಹಿಂದಿನ ಸೀಟಲ್ಲಿ ಪೆಟ್ರೋಲ್ ವಾಸನೆ. ಬಿಸಿಲಲ್ಲಿ ನಿಲ್ಸಿ ಬಾಗಿಲು ತೆಗೆದ್ರೆ ಮುಖಕ್ಕೆ ಹೊಡೆಯುತ್ತೆ. ಬಂಕಿನಲ್ಲೂ ಅಷ್ಟೇ, ಸ್ವಲ್ಪ ಹಾಕೋದ್ರಲ್ಲಿ ಪಂಪು ಟಕ್ ಅಂತ ನಿಂತುಬಿಡುತ್ತೆ" ಎಂದರು.

ಮೇಸ್ತ್ರಿ ಬಗ್ಗಿದ, ಕಣ್ಣು ಮುಚ್ಚಿದ, ಉಸಿರೆಳೆದುಕೊಂಡ. ಟ್ಯಾಂಕಿನ ಮುಚ್ಚಳದ ರಬ್ಬರು ಒಣಗಿ ಬಿರುಕು ಬಿಟ್ಟಿದ್ದು ಕಣ್ಣಿಗೆ ಬಿತ್ತು. ಹೊಸ ಮುಚ್ಚಳ ಹಾಕಿದ, ಹಳೆಯ ಪೈಪೊಂದನ್ನು ಬದಲಿಸಿದ, "ಇನ್ನು ಬರಲ್ಲ ಸಿಸ್ಟರ್" ಎಂದು ಕಳಿಸಿದ. ವಾರ ಕಳೆಯುವಷ್ಟರಲ್ಲಿ ಅವರು ಮತ್ತೆ ಬಂದರು.

"ಹಾಗೇ ಇದೆ."

"ಇಲ್ವಲ್ಲ ಸಿಸ್ಟರ್, ನನಗೇನೂ ಬರ್ತಿಲ್ಲ."

ಅದು ನಿಜವೇ ಆಗಿತ್ತು. ನರ್ಸಮ್ಮ ಅವನನ್ನು ದಿಟ್ಟಿಸಿ ನೋಡಿದರು. "ನನಗೆ ಇಲ್ಲಿ ನಿಂತ್ರೇ ತಲೆ ತಿರುಗ್ತಿದೆ. ನೆನ್ನೆ ಹಿಂದೆ ಕೂತಿದ್ದ ಅಜ್ಜ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡ್ರು. ನಿಮಗೆ ಏನೂ ಬರ್ತಿಲ್ವಾ? ನಿಮಗೆ?"

ಕೊನೆಯ ಆ 'ನಿಮಗೆ' ಅವನಿಗೆ ಚುಚ್ಚಿತು. "ಗಾಡಿ ಇವತ್ತು ಇಲ್ಲೇ ಬಿಟ್ಟು ಹೋಗಿ. ಬುಡ ಸಮೇತ ನೋಡ್ತೀನಿ" ಎಂದ.

ಅವರು ಹೋದ ಮೇಲೆ ಕಾರನ್ನು ಒಳಗೆ ತೆಗೆದುಕೊಂಡು, ಜಾಕಿ ಏರಿಸಿ, ಗಟ್ಟಿ ಸ್ಟ್ಯಾಂಡು ಕೊಟ್ಟು, ಬಲಗಡೆಯ ಹಿಂದಿನ ಚಕ್ರ ಬಿಚ್ಚಿದ. ಚಕ್ರದ ಹಿಂದೆ, ತಳಕ್ಕೆ ಜೋತುಬಿದ್ದಂತೆ, ಕೆಸರು ಮೆತ್ತಿದ ಕರಿ ಡಬ್ಬವೊಂದು ಕಂಡಿತು. ಪೆಟ್ರೋಲ್ ಗಾಡಿಗಳಲ್ಲೆಲ್ಲ ಇರುವ ಡಬ್ಬ ಅದು. ಒಳಗೆ ತುಂಬಿರುವುದು ಬರೀ ಇದ್ದಿಲ ಹರಳು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಹೋಗದೆ ಆ ಇದ್ದಿಲಲ್ಲಿ ಹಿಡಿದು ಕೂರುತ್ತದೆ. ಗಾಡಿ ಓಡುವಾಗ ಎಂಜಿನ್ನು ಅದನ್ನು ಎಳೆದುಕೊಂಡು ಉರಿಸಿಬಿಡುತ್ತದೆ. ಈ ಕಾರು ಮಾಡಿದವರು ಯಾವ ಯೋಚನೆಯಲ್ಲಿದ್ದರೋ, ಅದನ್ನು ಕಲ್ಲು ಬಡಿಯುವ ಜಾಗದಲ್ಲೇ ಕೂರಿಸಿದ್ದರು. ಡಬ್ಬದ ಕೆಳಮೂಲೆ ಒಡೆದು ಬಾಯಿ ಬಿಟ್ಟಿತ್ತು.

'ಸಿಕ್ಕೆಯಲ್ಲ' ಎಂದುಕೊಂಡು ಮೇಸ್ತ್ರಿ ಗ್ಲೌಸು ತೊಟ್ಟು ಅದರ ಪೈಪು ಎಳೆದ. ಡಬ್ಬದಿಂದ ಏನೋ ಗಳಗಳ ಸುರಿದು ನೆಲದ ಮೇಲೆ ಹರಡಿತು. ಒಡೆದ ಕಡೆಯಿಂದ ಮಳೆ ನೀರು ಒಳಗೆ ಹೋಗಿರಬೇಕು ಎಂದುಕೊಂಡು ಬಟ್ಟೆ ಚೂರಿನಿಂದ ಒರೆಸಿ ಪಕ್ಕಕ್ಕೆ ಎಸೆದ. ಡಬ್ಬ ಹಿಡಿದಿದ್ದ ಬೋಲ್ಟು ತುಕ್ಕು ತಿಂದು ಬ್ರಾಕೆಟ್ಟಿನೊಂದಿಗೆ ಒಂದಾಗಿತ್ತು. ಸ್ಪ್ಯಾನರ್ ಹಾಕಿದರೆ ತಲೆ ಸವೆದು ಜಾರಿತು. ಇನ್ನು ಕತ್ತರಿಸುವುದೇ ಸರಿ ಎಂದು ಗ್ರೈಂಡರ್ ತಂದು, ಪ್ಲಗ್ ಸಿಕ್ಕಿಸಿ, ಕಾರಿನ ಕೆಳಗೆ ಮೈ ತೂರಿಸಿ ಮಲಗಿದ.

ಅಷ್ಟರಲ್ಲಿ ಮೇಲೆ ಮನೆಯಲ್ಲಿ ಅವನು ಬಿಟ್ಟು ಬಂದಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಬಡಿದೂ ಬಡಿದೂ ಅದು ನಿಲ್ಲದಾಗ ಅತ್ತೆ ಫೋನನ್ನು ಎತ್ತಿಕೊಂಡು, ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, ನೋಯುವ ಮಂಡಿಯಲ್ಲಿ ಒಂದೊಂದೇ ಮೆಟ್ಟಿಲಿಳಿದು ಬಂದರು. ಗ್ಯಾರೇಜಿನ ಹೊಸ್ತಿಲು ಅವರು ತುಳಿದವರೇ ಅಲ್ಲ. ಅಂದು ಬಾಗಿಲಲ್ಲಿ ನಿಂತದ್ದೇ, ಶಾಲನ್ನೂ ದಾಟಿ ಆ ವಾಸನೆ ಒಳಹೊಕ್ಕಿತು. ಗೋಡೆಗೆ ಹಿಡಿದ ಹಳೆಯ ವಾಸನೆಯಲ್ಲ. ಹಸಿ, ಕಣ್ಣು ಉರಿಸುವಂಥದ್ದು. ಕಾರಿನ ಕೆಳಗಿಂದ ಅಳಿಯನ ಕಾಲುಗಳು ಕಾಣುತ್ತಿದ್ದವು, ಪಕ್ಕದಲ್ಲಿ ಗ್ರೈಂಡರಿನ ವೈರು.

"ಲೋ! ಮುಟ್ಬೇಡ್ವೋ! ಸ್ವಿಚ್ ಒತ್ಬೇಡ!"

ಅಷ್ಟು ದೊಡ್ಡ ದನಿ ಆ ಮೈಯಲ್ಲಿದೆ ಎಂದು ಮೇಸ್ತ್ರಿಗೆ ಗೊತ್ತೇ ಇರಲಿಲ್ಲ. ಬೆಚ್ಚಿ ಹಣೆಯನ್ನು ಕಾರಿನ ತಳಕ್ಕೆ ಬಡಿಸಿಕೊಂಡ. ಹೊರಗೆ ತೆವಳಿ ಬರುವಷ್ಟರಲ್ಲಿ ಅತ್ತೆ ಗೋಡೆಯಿಂದ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

"ಏನಾಯ್ತು ಅತ್ತೆ?"

ಅವರು ನೆಲದಲ್ಲಿ ಬಿದ್ದಿದ್ದ ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಅವನ ಮುಖದ ಮುಂದೆ ಹಿಡಿದರು.

"ಇದೇನು?"

"ನೀರು."

ಅತ್ತೆ ಅವನ ಮುಖವನ್ನೇ ನೋಡಿದರು. ಅವನು ಬಟ್ಟೆಯನ್ನು ನೋಡಿದ. ಆಮೇಲೆ ನೆಲದ ಮೇಲೆ ಹರಡಿದ್ದ ತೇವವನ್ನು ನೋಡಿದ. ಅದರ ಮೇಲೆ ಬೆಳಕು ಬಿದ್ದ ಕಡೆ ನವಿಲು ಬಣ್ಣ ತೇಲುತ್ತಿತ್ತು. ತಾನು ಮಲಗಿದ್ದ ಜಾಗ, ಕೈಯಲ್ಲಿದ್ದ ಗ್ರೈಂಡರು, ಅದು ಎಬ್ಬಿಸುವ ಕಿಡಿ, ತಲೆಯ ಮೇಲೆಯೇ ಇದ್ದ ಟ್ಯಾಂಕು, ಅದರ ಮೇಲೆ ಮನೆ.

"ನಿನಗೆ ವಾಸನೆ ಬರ್ತಿಲ್ಲ" ಎಂದರು ಅತ್ತೆ. ಕೇಳಿದ್ದಲ್ಲ, ಹೇಳಿದ್ದು.

"ಇಲ್ಲ ಅತ್ತೆ. ಜ್ವರ ಬಂದಾಗಿಂದ."

ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಮೊದಲು ಮಾಡಬೇಕಾದ ಕೆಲಸವಿತ್ತು. ಅವನು ಶಟರನ್ನು ಪೂರ್ತಿ ಎತ್ತಿದ, ಒಣ ಮರಳು ತಂದು ನೆಲಕ್ಕೆ ಸುರಿದ, ಬಟ್ಟೆ ಚೂರುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಅಂಗಳದ ಆಚೆ ಇಟ್ಟ. ಅತ್ತೆ ಬಾಗಿಲಲ್ಲಿ ನಿಂತು, "ಇನ್ನೂ ಇದೆ... ಆ ಮೂಲೆ... ಅಲ್ಲೂ ಸ್ವಲ್ಪ ಮರಳು ಹಾಕು" ಎಂದು ಹೇಳುತ್ತಿದ್ದರು. ಎಲ್ಲ ಮುಗಿಯುವಷ್ಟರಲ್ಲಿ ಅತ್ತೆ ತಂದಿದ್ದ ಫೋನು ತಾನಾಗಿ ಸುಮ್ಮನಾಗಿತ್ತು. ಇಬ್ಬರೂ ಅಂಗಳದಲ್ಲಿ, ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವನು ಮಗುಚಿದ ಬಕೆಟಿನ ಮೇಲೆ ಕೂತರು.

"ಯಾಕೋ ಹೇಳ್ಲಿಲ್ಲ?"

"ಯಾರಿಗೆ ಅಂತ ಹೇಳ್ಲಿ? ಮೂಗಿಲ್ಲದ ಮೇಸ್ತ್ರಿ ಹತ್ರ ಯಾರು ಬರ್ತಾರೆ?"

"ಬರ್ದಿದ್ರೆ ಬೇಡ. ಸುಟ್ಟುಹೋದ ಮೇಸ್ತ್ರಿ ಹತ್ರ ಬರ್ತಿದ್ರಾ?"

ಅವನು ತಲೆ ತಗ್ಗಿಸಿ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತ ಏನೋ ಗೊಣಗಿದ. ಅತ್ತೆ ಕುರ್ಚಿಯನ್ನು ಕೊಂಚ ತಿರುಗಿಸಿಕೊಂಡು, "ಈ ಕಡೆ ಬಂದು ಕೂತು ಹೇಳು. ನನಗೆ ಎಡಗಿವಿ ಕೇಳ್ಸಲ್ಲ" ಎಂದರು.

ಅವನು ತಲೆ ಎತ್ತಿದ.

"ಎಷ್ಟೋ ವರ್ಷ ಆಯ್ತು. ಆಸ್ಪತ್ರೆ ಪಾತ್ರೆಗಳ ಸದ್ದಲ್ಲೇ ಹೋಯ್ತೋ ಏನೋ. ನಿನ್ನ ಹೆಂಡತಿಗೂ ಗೊತ್ತಿಲ್ಲ. ಬಾಯಿ ಬಿಟ್ಟೀಯ, ಜೋಕೆ."

ಮೇಸ್ತ್ರಿಗೆ ಊಟದ ಮೇಜು ಕಣ್ಮುಂದೆ ಬಂತು. ತಾನು ಕೂರುತ್ತಿದ್ದುದು ಯಾವಾಗಲೂ ಅತ್ತೆಯ ಎಡಗಡೆ. ಇಷ್ಟು ಕಾಲ ಕೇಳಿದ್ದಕ್ಕೆಲ್ಲ ಉತ್ತರ ಯಾಕೆ ಬರುತ್ತಿರಲಿಲ್ಲ ಎಂದು ಈಗ ಅರ್ಥವಾಯಿತು. ಅವನಿಗೆ ನಗು ಬಂತು. ಅಳುವೂ ಬಂದಿತ್ತು, ಆದರೆ ನಗು ಮುಂದೆ ಬಂತು. ಬಕೆಟನ್ನು ಎತ್ತಿ ಬಲಗಡೆಗೆ ಇಟ್ಟುಕೊಂಡು ಕೂತು, ಡಾಕ್ಟರು ಹೇಳಿದ್ದು, ಗಿರಾಕಿಗಳ ಮುಂದೆ ಆಡಿದ ನಾಟಕ, ನರ್ಸಮ್ಮನ ಕಾರನ್ನು ಸರಿಮಾಡದೆ ಕಳಿಸಿದ್ದು, ಎಲ್ಲವನ್ನೂ ಹೇಳಿದ. ನಾಟಕದ ಭಾಗಕ್ಕೆ ಅತ್ತೆ ಶಾಲಿನೊಳಗೆ ಮುಖ ಮುಚ್ಚಿಕೊಂಡು ನಕ್ಕರು.

"ಸರಿ, ಏಳು. ಆ ಡಬ್ಬ ತೆಗಿ. ಕಿಡಿ ಹಾರದ ಹಾಗೆ ತೆಗಿ. ನಾನು ಇಲ್ಲೇ ಇರ್ತೀನಿ" ಎಂದರು.

ಅವನು ಚಕ್ರ ಮತ್ತೆ ಸಿಕ್ಕಿಸಿ, ಕಾರನ್ನು ಅಂಗಳದ ಗಾಳಿಗೆ ತಳ್ಳಿಕೊಂಡು ಬಂದು, ಅಲ್ಲಿ ಸ್ಟ್ಯಾಂಡು ಕೊಟ್ಟು ಚಕ್ರ ಬಿಚ್ಚಿದ. ಟ್ಯಾಂಕಿನ ಕಡೆಯ ಪೈಪಿಗೆ ಬಿರಡೆ ಹಾಕಿ, ಬೋಲ್ಟಿಗೆ ನೀರು ಹನಿಸುತ್ತ ಕೈಗರಗಸದಲ್ಲಿ ಕುಯ್ದ. ಗ್ರೈಂಡರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತಿದ್ದ ಕೆಲಸಕ್ಕೆ ಭುಜ ಸೋತು ಹೋಯಿತು. ಕೊನೆಗೂ ಕೈಗೆ ಬಂದ ಡಬ್ಬ ಕಲ್ಲಿನಷ್ಟು ಭಾರವಿತ್ತು. ಇದ್ದಿಲೆಲ್ಲ ಪೆಟ್ರೋಲಿನಲ್ಲಿ ನೆನೆದು ಮುದ್ದೆಯಾಗಿತ್ತು. ಆವಿ ಹಿಡಿಯಬೇಕಾದದ್ದು ಪೆಟ್ರೋಲನ್ನೇ ಕುಡಿದು ಕೂತಿತ್ತು. ಹೀಗಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ ಎಂದು ಅವನಿಗೆ ಗೊತ್ತಿತ್ತು: ಬಂಕಿನಲ್ಲಿ ಪಂಪು ಟಕ್ ಎಂದ ಮೇಲೂ ಇನ್ನಷ್ಟು, ಇನ್ನಷ್ಟು ಎಂದು ಕುತ್ತಿಗೆಯವರೆಗೆ ತುಂಬಿಸಿದರೆ, ಮಿಕ್ಕದ್ದು ಆವಿಯ ದಾರಿ ಹಿಡಿದು ಡಬ್ಬಕ್ಕೆ ಇಳಿಯುತ್ತದೆ.

ಅಷ್ಟು ಹಳೆಯ ಕಾರಿನ ಡಬ್ಬ ಬಿಡಿಭಾಗದ ಅಂಗಡಿಯಲ್ಲಿ ಸಿಗಲಿಲ್ಲ. ಅಂಗಡಿಯವನು ಇನ್ನೊಂದು ಕಾರಿನ ಹೊಸ ಡಬ್ಬ ತೋರಿಸಿದ. ಆವಿ ಹಳೆಯದರಷ್ಟೇ ಹಿಡಿಸುತ್ತದೆ, ಮೂರು ಬಾಯಿಗಳೂ ಇವೆ, ಆಕಾರ ಮಾತ್ರ ಬೇರೆ. ಹಳೆಯ ಜಾಗದಲ್ಲಿ ಅದು ಕೂರುವುದೇ ಇಲ್ಲ. ಮೇಸ್ತ್ರಿಗೆ ಅದೇ ಬೇಕಾಗಿತ್ತು. ಕಲ್ಲು ಬಡಿಯುವ ಜಾಗಕ್ಕೆ ಮತ್ತೆ ಹೊಸದನ್ನು ಕೂರಿಸುವುದರಲ್ಲಿ ಅರ್ಥವಿರಲಿಲ್ಲ. ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಒಳಗೆ, ಪೆಟ್ರೋಲ್ ಹಾಕುವ ಕೊಳವೆಯ ಪಕ್ಕ, ಒಂದು ಪೊಳ್ಳು ಜಾಗ. ಟ್ಯಾಂಕಿಗಿಂತ ಎತ್ತರ, ಸೈಲೆನ್ಸರಿನ ಬಿಸಿಗೆ ದೂರ, ಕಲ್ಲಿಗೂ ಕೆಸರಿಗೂ ಮರೆ. ತಗಡು ಬಗ್ಗಿಸಿ ಹೊಸ ಬ್ರಾಕೆಟ್ ಮಾಡಿದ. ಮೂಲೆಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿದ. ಗಡಗಡ ಅನ್ನದಿರಲೆಂದು ರಬ್ಬರು ಹಾಸಿದ.

"ಆ ಪೈಪು ಯಾಕೆ ಅಷ್ಟು ಎಳೆದು ಕಟ್ತಿದೀಯ?" ಎಂದು ಅತ್ತೆ ಕೇಳಿದರು. ನೋಡನೋಡುತ್ತ ಅವರಿಗೆ ಕುತೂಹಲ ಹತ್ತಿತ್ತು.

"ಮಧ್ಯದಲ್ಲಿ ಜೋತು ಬೀಳಬಾರದು ಅತ್ತೆ. ಬಿದ್ರೆ ಅಲ್ಲಿ ಪೆಟ್ರೋಲ್ ನಿಂತು ಆವಿಗೆ ದಾರಿ ಕಟ್ಟುತ್ತೆ. ಟ್ಯಾಂಕಿಂದ ಡಬ್ಬದವರೆಗೂ ಏರ್ತಾನೇ ಹೋಗಬೇಕು."

"ಬಚ್ಚಲ ಪೈಪಿನ ತಲೆಕೆಳಗು."

"ಹೂಂ, ಅದೇ."

ಒಂದು ಪೈಪು ಟ್ಯಾಂಕಿನಿಂದ, ಒಂದು ಎಂಜಿನ್ನಿಗೆ, ಒಂದು ಹೊರಗಿನ ಗಾಳಿಗೆ. ಎಲ್ಲವನ್ನೂ ಕ್ಲ್ಯಾಂಪು ಹಾಕಿ ಬಿಗಿದ. ಚಕ್ರ ಹಾಕಿದ. ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿ, ಗಾಜುಗಳನ್ನೆಲ್ಲ ಏರಿಸಿ, ಬೆಚ್ಚಗಾಗಲು ಬಿಟ್ಟು, ಆಮೇಲೆ ಹಿಂದಿನ ಬಾಗಿಲು ತೆಗೆದು, "ದಯಮಾಡಿಸಿ" ಎಂದ.

ಅತ್ತೆ ಶಾಲು ಕೆಳಗಿಳಿಸಿ, ಹಿಂದಿನ ಸೀಟಿನಲ್ಲಿ ನ್ಯಾಯಾಧೀಶರಂತೆ ನೆಟ್ಟಗೆ ಕೂತು, ಬಾಗಿಲು ಹಾಕಿಕೊಂಡರು. ಮೇಸ್ತ್ರಿ ಗಾಜಿನ ಹೊರಗೆ ನಿಂತು ಆ ಮುಖವನ್ನೇ ನೋಡಿದ. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಮೂಗಿನ ಎರಡೂ ಹೊಳ್ಳೆಗಳು ನವಿರಾಗಿ ಅರಳಿದವು. ಗಾಜು ಇಳಿಯಿತು.

"ಇದೆ."

"ಇದೆಯಾ!"

"ಮೊದಲಿನಷ್ಟಿಲ್ಲ. ಆದ್ರೆ ಇದೆ. ಬಲಗಡೆಯಿಂದ ಅಲ್ಲ. ನಡುವಿನಿಂದ ಬರ್ತಿದೆ, ನನ್ನ ಕಾಲ ಕೆಳಗಿಂದ."

ಹೊಸ ಡಬ್ಬ ಬಲಗಡೆ. ನಡುವೆ ಇರುವುದು ಟ್ಯಾಂಕಿನ ತಲೆ. ಅವನಿಗೆ ಅತ್ತೆಯ ಮಾತಿನಲ್ಲಿ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಬೇರೆ ದಾರಿ ಇರಲಿಲ್ಲ. ಸೀಟು ಎತ್ತಿ, ನೆಲದ ಮುಚ್ಚಳ ಬಿಚ್ಚಿ ನೋಡಿದರೆ, ಟ್ಯಾಂಕಿನಿಂದ ಆವಿಯ ಪೈಪು ಹೊರಡುವ ಕಡೆ ರಬ್ಬರು ಕೂದಲೆಳೆಯಷ್ಟು ಸೀಳಿತ್ತು. ಬಗ್ಗಿಸಿದರೆ ಮಾತ್ರ ಕಾಣುವ ಸೀಳು. ಕೈಯಾರೆ ಹಿಡಿದೂ ಅವನು ಅದನ್ನು ದಾಟಿ ಬಂದಿದ್ದ. ಆ ತುಂಡನ್ನು ಕಿತ್ತು ಹೊಸದು ಹಾಕಿದ. ಮತ್ತೆ ಬಿಸಿಲು, ಮತ್ತೆ ಅತ್ತೆ, ಮತ್ತೆ ಗಾಜಿನಾಚೆಯ ಮುಖ. ಈ ಸಲ ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವನು ಗಾಬರಿಯಾಗಿ ಬಾಗಿಲು ತೆಗೆದ.

"ಪೆಟ್ರೋಲ್ ಇಲ್ಲ. ಹೊಸ ರಬ್ಬರು, ಸ್ಪಿರಿಟ್ಟು, ಆಮೇಲೆ ಆ ಅಜ್ಜನ ವಾಂತಿ. ಅದಕ್ಕೆ ನೀನೇನೂ ಮಾಡಕ್ಕಾಗಲ್ಲ" ಎಂದರು.

ಸಂಜೆ ನರ್ಸಮ್ಮ ಬಂದಾಗ ಮೇಸ್ತ್ರಿ ಹಳೆಯ ಡಬ್ಬವನ್ನು ತೋರಿಸುವ ಮೊದಲೇ, ಅಂಗಳದಲ್ಲಿ ನಿಂತು, "ಸಿಸ್ಟರ್, ನನಗೆ ವಾಸನೆ ಬರಲ್ಲ. ಜ್ವರದಲ್ಲಿ ಹೋಯ್ತು. ಹೋದ ಸಲ ಇನ್ನು ಬರಲ್ಲ ಅಂತ ಹೇಳಿ ಕಳಿಸಿದ್ದು ತಪ್ಪು" ಎಂದ. ಹಗುರವಾಗಬಹುದು ಎಂದುಕೊಂಡಿದ್ದ. ಆಗಲಿಲ್ಲ. ನರ್ಸಮ್ಮನ ಮುಖ ಕೆಂಪಾಯಿತು.

"ಆ ಕಾರಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಕೊಂಡು ಓಡಾಡಿದೀನಿ ನಾನು. ಹಾಸಿಗೆ ಹಿಡಿದವರನ್ನ ಕೂರಿಸ್ಕೊಂಡು. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಬೇರೆ ಕಡೆ ತೋರಿಸ್ತಿದ್ನಲ್ಲ ಮೇಸ್ತ್ರಿ?"

ಅವರು ಬೈದಷ್ಟೂ ಬೈಸಿಕೊಂಡ. ಅತ್ತೆ ಕುರ್ಚಿಯಲ್ಲೇ ಇದ್ದರು. ಅಳಿಯನ ಪರ ಒಂದು ಮಾತೂ ಆಡಲಿಲ್ಲ. ಬೈಗುಳ ಮುಗಿದ ಮೇಲೆ ಮಾತ್ರ, "ಪಂಪು ಟಕ್ ಅಂದ ಮೇಲೆ ನೀನೂ ತುಂಬಿಸಬಾರದಂತಮ್ಮ" ಎಂದರು.

"ಏನು?"

ಮೇಸ್ತ್ರಿ ಡಬ್ಬ ತೋರಿಸಿ ವಿವರಿಸಿದ. ದೂರದ ಮನೆಗಳಿಗೆ ಹೋಗುವಾಗ ದಾರಿಯಲ್ಲಿ ನಿಲ್ಲುವುದು ಬೇಡವೆಂದು ಕುತ್ತಿಗೆವರೆಗೆ ತುಂಬಿಸಿಕೊಳ್ಳುವುದು ನರ್ಸಮ್ಮನ ಹಳೆಯ ಅಭ್ಯಾಸವೇ ಆಗಿತ್ತು. ಅವರು ಮುಖ ಗಂಟಿಕ್ಕಿಕೊಂಡೇ ಕೇಳಿದರು. ಕಾರಿನ ಹಿಂದಿನ ಬಾಗಿಲು ತೆಗೆದು, ತಲೆ ಹಾಕಿ, ಹೊರಗೆ ಬಂದು, "ಇಲ್ಲ" ಎಂದರು. ಹೊರಟವರು ಸ್ಟಿಯರಿಂಗ್ ಹಿಡಿದು ಕೂತು ಒಂದು ಕ್ಷಣ ಯೋಚಿಸಿ, ಕಿಟಕಿಯಿಂದಲೇ ಹೇಳಿದರು: "ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸಬೇಕು. ಅದು ಏನು ಅಂತ ನೆನೆಸ್ಕೊಂಡು ಮೂಸಬೇಕು, ಸುಮ್ನೆ ಅಲ್ಲ. ಎಲ್ಲರಿಗೂ ವಾಸನೆ ವಾಪಸ್ ಬರುತ್ತೆ ಅಂತಿಲ್ಲ. ತಿಂಗಳುಗಟ್ಟಲೆ ಮಾಡಬೇಕು."

ರಾತ್ರಿಯ ಊಟಕ್ಕೆ ಮೇಸ್ತ್ರಿ ಕುರ್ಚಿ ಎಳೆದುಕೊಂಡು ಅತ್ತೆಯ ಬಲಗಡೆ ಕೂತ. ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಯಾಕೆ, ಆ ಕುರ್ಚಿಗೆ ಏನಾಯ್ತು?" ಅತ್ತೆ ಮೇಸ್ತ್ರಿಯ ಕಡೆ ಕಣ್ಣು ಬಿಟ್ಟರು. ಮೇಸ್ತ್ರಿ ತನ್ನ ಗುಟ್ಟನ್ನು ಮಾತ್ರ ಹೇಳಿದ. ಗ್ರೈಂಡರಿನ ವಿಷಯಕ್ಕೆ ಬಂದಾಗ ಅವಳು ಸೌಟು ಕೆಳಗಿಟ್ಟು ಕೂತುಬಿಟ್ಟಳು.

"ನಾನು ದಿನಾ ಪಕ್ಕದಲ್ಲೇ ಇರ್ತೀನಿ. ನನಗೆ ಹೇಳದೆ ಅಮ್ಮನಿಗೆ ಹೇಳಿದ್ರಾ?"

"ನಾನು ಹೇಳ್ಲಿಲ್ಲ ಕಣೇ, ಅವರೇ ಹಿಡಿದ್ರು."

"ಹೌದು, ನಾನೇ ಹಿಡಿದೆ" ಎಂದರು ಅತ್ತೆ. "ಅವನ ಮೇಲೆ ಕೂಗಾಡಬೇಡ. ನನ್ನ ಎಡಗಿವಿ ಕೇಳಲ್ಲ. ಅದನ್ನೂ ಇವತ್ತೇ ಹೇಳಿಬಿಟ್ಟೆ, ಒಟ್ಟಿಗೆ ಕೂಗಾಡಿಬಿಡು."

ಅವಳು ಒಟ್ಟಿಗೇ ಕೂಗಾಡಿದಳು. ಅಂದು ಅವಳು ಬಡಿಸಿದ್ದನ್ನು ಇಬ್ಬರೂ ತುಟಿ ಪಿಟಕ್ಕೆನ್ನದೆ ತಿಂದರು.

ಮರುದಿನದಿಂದ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಪುಟ್ಟ ಗಾಜಿನ ಶೀಶೆಗಳು ಬಂದು ಕೂತವು. ಅತ್ತೆ ಅವನ ಕಣ್ಣಿಗೆ ಟವೆಲು ಕಟ್ಟಿ ಒಂದೊಂದನ್ನೇ ಹಿಡಿಯುವರು. "ಏನು?" "ಗೊತ್ತಿಲ್ಲ." "ಏನು?" "ಗೊತ್ತಿಲ್ಲ ಅತ್ತೆ." ಬೇಸಿಗೆ ಹೋಗಿ ಮಳೆ ಹಿಡಿಯುವವರೆಗೂ ಅದೇ ಉತ್ತರ. ಆಮೇಲೊಂದು ಬೆಳಿಗ್ಗೆ ಲವಂಗಕ್ಕೆ, "ಏನೋ ಇದೆ... ಹಲ್ಲಿನ ಡಾಕ್ಟರ್ ಹತ್ರ ಹೋದ ಹಾಗಿದೆ" ಎಂದ. ನಿಂಬೆ ಬಂತು, ಆದರೆ ತಪ್ಪಾಗಿ ಬಂತು. ಕಾಫಿ ಬಹುಕಾಲ ಸುಟ್ಟ ಕ್ಲಚ್ಚಿನ ಹಾಗೇ ಇತ್ತು. ಪೆಟ್ರೋಲು ಮಾತ್ರ ಬರಲೇ ಇಲ್ಲ. ಈಗಲೂ ಇಲ್ಲ.

ಟ್ಯಾಕ್ಸಿ ಸ್ಟ್ಯಾಂಡಿಗೆ ಸುದ್ದಿ ಹೋಗದೆ ಇರಲಿಲ್ಲ. ಕೆಲವರು ನಕ್ಕರು, ಕೆಲವರು ಬೇರೆ ಗ್ಯಾರೇಜು ಹಿಡಿದರು. ಆದರೆ ಉಳಿದವರು ಉಳಿದರು. ಪೆಟ್ರೋಲಿನ ಕೆಲಸ ಬಂದ ದಿನ ಅತ್ತೆ ಮೆಟ್ಟಿಲಿಳಿದು ಬಂದು ಕುರ್ಚಿ ಹಾಕಿಸಿಕೊಂಡು ಕೂರುವರು, ಅವರು ಸರಿ ಎನ್ನುವವರೆಗೆ ಮೇಸ್ತ್ರಿ ಯಾವ ಸ್ವಿಚ್ಚೂ ಒತ್ತುತ್ತಿರಲಿಲ್ಲ. ನರ್ಸಮ್ಮ ಬಹಳ ದಿನ ಬರಲಿಲ್ಲ. ಬಂದಾಗ ಬ್ರೇಕಿನ ಕೆಲಸ ಕೊಟ್ಟರು, ಹಳೆಯದನ್ನು ಎತ್ತಲಿಲ್ಲ. ಆವಿಯ ಡಬ್ಬ ಮೇಲೇರಿಸಿದ ಜಾಗದಲ್ಲೇ ಒಣಗಿ ಚೊಕ್ಕವಾಗಿತ್ತು. ಅವರು ಕೇಳದೆಯೇ ಮೇಸ್ತ್ರಿ ಹೊದಿಕೆ ಬಿಚ್ಚಿ ನೋಡಿದ್ದ.

ಮುಂದಿನ ವರ್ಷ ಸೊಸೆ ಜಾರಿ ಬಿದ್ದು ಕಾಲು ಮುರಿದುಕೊಂಡಳೆಂದು ಅತ್ತೆ ಮಗನ ಮನೆಗೆ ಹೋಗಬೇಕಾಯಿತು. ಅವರಿಲ್ಲದಷ್ಟು ದಿನ ಟ್ಯಾಂಕಿನ ಕೆಲಸ ಬಂದರೆ ಮೇಸ್ತ್ರಿ, "ಈಗ ಮಾಡಲ್ಲ, ಸೇತುವೆ ಆಚೆಯ ಗ್ಯಾರೇಜಿಗೆ ತೋರಿಸಿ" ಎಂದು ಕಳಿಸಿಬಿಡುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ಕಾರಣವನ್ನೂ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ಕಾರಿನ ಸದ್ದು ಕೇಳುತ್ತಿತ್ತು.

"ನೋಡೋ, ಆಸ್ಪತ್ರೆಯಿಂದ ಬರ್ತಿದೀವಿ. ಇವನ ಗಾಡೀಲಿ ಸುಟ್ಟ ವಾಸನೆ. ಮುಂದಿನ ಚಕ್ರದ್ದು, ನಾನು ಕೂತಿರೋ ಕಡೆ. ಕ್ಲಚ್ಚಿನದಲ್ಲ, ಅದು ನನಗೆ ಗೊತ್ತು. ಇದು ಕಬ್ಬಿಣ ಕಾದ ಹಾಗಿದೆ."

"ಬ್ರೇಕ್ ಹಿಡ್ಕೊಂಡಿರಬಹುದು ಅತ್ತೆ. ನಿಧಾನಕ್ಕೆ ಪಕ್ಕಕ್ಕೆ ನಿಲ್ಲಿಸಿ ಆರೋಕೆ ಬಿಡಿ. ಚಕ್ರ ಮುಟ್ಟಬೇಡಿ, ಕೈ ಸುಡುತ್ತೆ."

ಆ ಕಡೆ ಭಾವಮೈದುನ ಗಾಡಿ ನಿಲ್ಲಿಸಿ ಫೋನು ಕಸಿದುಕೊಂಡ. "ಭಾವ, ಅಮ್ಮನಿಗೆ ಏನು ಕಲಿಸಿಬಿಟ್ಟಿದೀರ? ಹತ್ತಿದಾಗಿಂದ ಮೂಸ್ತಾನೇ ಇದಾರೆ. ಮೊನ್ನೆ ತಾನೇ ಸರ್ವಿಸ್ ಮಾಡ್ಸಿದೀನಿ, ಗಾಡಿ ಹೊಸದು!"

"ಒಂದ್ಸಲ ತೋರಿಸು" ಎಂದಷ್ಟೇ ಹೇಳಿದ ಮೇಸ್ತ್ರಿ.

ತೋರಿಸಿದಾಗ ಆ ಚಕ್ರದ ಬ್ರೇಕು ಹಿಡಿದುಕೊಂಡೇ ಇತ್ತಂತೆ. ಅದನ್ನು ಹೇಳಲು ಭಾವಮೈದುನ ಫೋನು ಮಾಡಲಿಲ್ಲ, ಅತ್ತೆಯೇ ಮಾಡಿದರು.